ಹಿಂದಿನ ಸೀಟಿನ ಕಾಲಡಿಯಲ್ಲಿ ನೆಲ ಕಾಣುತ್ತಿದೆ: ಈ ಕಾರನ್ನು ಉಳಿಸಿಕೊಳ್ಳಬಹುದೇ?

ರಸಾಯನ_ಕುಂದಾಪುರ · ಜೂನ್ 9

ಎಲ್ಲರಿಗೂ ನಮಸ್ಕಾರ. ಕಳೆದ ಡಿಸೆಂಬರಿನಲ್ಲಿ 2012ರ ಸಣ್ಣ ಪೆಟ್ರೋಲ್ ಕಾರೊಂದನ್ನು 1,45,000 ರೂಪಾಯಿಗೆ ಕೊಂಡೆ. ಅಮ್ಮನನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಮಣಿಪಾಲಕ್ಕೆ ಕರೆದೊಯ್ಯಬೇಕು. ಬಸ್ಸಿನ ಮೆಟ್ಟಿಲು ಹತ್ತಲು ಅವರಿಗೆ ಆಗದೇ ಹೋದ ಮೇಲೆ ಮಾಡಿದ ಖರೀದಿ. ಎಂಜಿನ್ ಚೆನ್ನಾಗಿತ್ತು, ಬಣ್ಣ ಹೊಳೆಯುತ್ತಿತ್ತು. ಕೆಳಭಾಗಕ್ಕೆ ಈಗಷ್ಟೇ ಕಪ್ಪು ಕೋಟಿಂಗ್ ಹೊಡೆಸಿದ್ದೇನೆ ಎಂದು ಮಾರಿದವರು ಹೇಳಿದಾಗ ಒಳ್ಳೆಯದೇ ಆಯಿತು ಎಂದುಕೊಂಡಿದ್ದೆ.

ಮೊನ್ನೆ ಶನಿವಾರ ಅಮ್ಮ ಹಿಂದಿನ ಎಡಬದಿಯಲ್ಲಿ ಕೂತು ಹಿಮ್ಮಡಿ ಊರಿದಾಗ ಕಾಲಡಿ ಮೆತ್ತಗೆ ಕುಸಿಯಿತು. ಮನೆಗೆ ಬಂದು ರಬ್ಬರ್ ಮ್ಯಾಟ್ ತೆಗೆದು ಕಾರ್ಪೆಟ್ ಎತ್ತಿದೆ. ಅದರಡಿಯ ಹತ್ತಿಯ ಪದರವನ್ನು ಹಿಂಡಿದರೆ ಚಹಾ ಬಣ್ಣದ ನೀರು ಸುರಿಯಿತು. ಅದರ ಕೆಳಗೆ ತಗಡಿಗೆ ಅಂಟಿಸಿದ ಡಾಂಬರು ಹಾಳೆ. ಅಂಚನ್ನು ಬೆರಳಿನಿಂದ ಎತ್ತಿದ್ದೇ ತಡ, ತಗಡೂ ಅದರ ಜೊತೆಗೇ ಹಪ್ಪಳದಂತೆ ಪದರು ಪದರಾಗಿ ಎದ್ದು ಬಂತು. ಈಗ ಅಲ್ಲಿ ಅಂಗೈಯಗಲದ ತೂತು. ಅದರೊಳಗಿಂದ ನಮ್ಮ ಅಂಗಳದ ಜಲ್ಲಿ ಕಾಣುತ್ತಿದೆ.

ಒಂದು ಗ್ಯಾರೇಜಿನಲ್ಲಿ 4,000 ರೂಪಾಯಿಗೆ ಮೇಲೊಂದು ತಗಡು ಇಟ್ಟು ರಿವೆಟ್ ಹೊಡೆದು, ಮತ್ತೆ ಕಪ್ಪು ಕೋಟಿಂಗ್ ಮಾಡಿಕೊಡುತ್ತೇವೆ ಎಂದರು. ಇನ್ನೊಂದು ಕಡೆ, ಮುಚ್ಚಿಸಿ ಮಾರಿಬಿಡಿ ಎಂದರು. ನನಗೆ ಬೇಕಾಗಿರುವುದು ಒಂದೇ ಉತ್ತರ: ಇದರಲ್ಲಿ ಅಮ್ಮನನ್ನು ಕೂರಿಸಬಹುದೇ?

ಬೆಂಗಳೂರು_ಚಾಲಕ · ಜೂನ್ 9

ಮೇಡಂ, ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಬೆಂಗಳೂರಿನಲ್ಲಿ ಇಂಥ ಕಾರಿಗೆ ಬೇಡಿಕೆ ಇದೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 1,000 ಮಿ.ಮೀ., ನಿಮ್ಮಲ್ಲಿ 3,500ಕ್ಕೂ ಮೇಲೆ. ಒಣ ಊರಿಗೆ ಬಂದರೆ ತುಕ್ಕು ಮುಂದುವರಿಯುವುದಿಲ್ಲ. ಆ 4,000 ಖರ್ಚು ಮಾಡಿ, ಬೇಸಿಗೆಯವರೆಗೆ ನಿಲ್ಲಿಸಿ, ಮಾರಿಬಿಡಿ. ಹಾಕಿದ ಹಣದ ಬಹುಪಾಲು ವಾಪಸು ಬರುತ್ತದೆ.

ತಗಡು_ಬೆಸುಗೆ · ಜೂನ್ 9

ಶಿವಮೊಗ್ಗದಲ್ಲಿ 31 ವರ್ಷದಿಂದ ಟಿಂಕರಿಂಗ್ ಮಾಡುತ್ತಿದ್ದೇನೆ. ಮೇಲಿನ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ನಿಮ್ಮಮ್ಮ ಕೂರಬಾರದ ಸೀಟಿನಲ್ಲಿ ಬೇರೆ ಯಾರ ಅಮ್ಮನೂ ಕೂರಬಾರದು.

ಇನ್ನು ಕೆಲಸದ ಮಾತು. ಇಂಥ ಕಾರುಗಳಿಗೆ ಲಾರಿಯ ಹಾಗೆ ಪ್ರತ್ಯೇಕ ಚಾಸಿಸ್ ಇರುವುದಿಲ್ಲ. ನೆಲದ ತಗಡು, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಕಂಬಗಳು, ಛಾವಣಿ ಎಲ್ಲ ಸೇರಿಯೇ ಭಾರ ಹೊರುವುದು. ಅದಕ್ಕೇ ತೂತು ಎಷ್ಟು ದೊಡ್ಡದು ಎಂದು ನಾನು ಮೊದಲು ಕೇಳುವುದಿಲ್ಲ, ಎಲ್ಲಿದೆ ಎಂದು ಕೇಳುತ್ತೇನೆ. ಕಾಲಿಡುವ ಜಾಗದ ಮಧ್ಯೆ ಒಂದು ಅಡಿ ತೂತಿದ್ದರೂ ಕತ್ತರಿಸಿ ಹೊಸ ತಗಡು ಕೂರಿಸಬಹುದು. ಹಿಂದಿನ ಆಕ್ಸಲ್ ಬೀಮ್, ಎಂದರೆ ಹಿಂದಿನ ಎರಡು ಚಕ್ರಗಳನ್ನು ಹಿಡಿದಿರುವ ತೊಲೆ, ಅದನ್ನು ಕಟ್ಟುವ ಬ್ರಾಕೆಟ್ಟಿನ ಪಕ್ಕದಲ್ಲಿ ಬಣ್ಣದಡಿ ನಾಲ್ಕು ಗುಳ್ಳೆ ಎದ್ದಿದ್ದರೂ ನನಗೆ ನಿದ್ದೆ ಬರುವುದಿಲ್ಲ.

ಕಾರನ್ನು ಓಡಿಸಬೇಡಿ. ಸೀಟು ಬಿಚ್ಚಿ, ಬಾಗಿಲ ಬೀಡಿಂಗ್ ತೆಗೆದು, ಇಡೀ ಕಾರ್ಪೆಟ್ ಹೊರಗೆ ಹಾಕಿ. ನಾಲ್ಕೂ ಕಾಲಡಿಯನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಬನ್ನಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಸತ್ತ ತಗಡು ಒದ್ದೆ ರಟ್ಟಿನ ಹಾಗೆ ದಬ್ ಎನ್ನುತ್ತದೆ. ಆಮೇಲೆ ಚಿತ್ರ ಹಾಕಿ. ಕಾರಿನ ಕೆಳಗೆ ನುಗ್ಗುವುದಾದರೆ ಜ್ಯಾಕ್ ಒಂದನ್ನೇ ನಂಬಿ ಖಂಡಿತ ನುಗ್ಗಬೇಡಿ. ತುಕ್ಕು ಹಿಡಿದ ಕಾರಿನಲ್ಲಿ ಜ್ಯಾಕ್ ಇಡುವ ಅಂಚೇ ಒಳಗೆ ಮಡಚಿಕೊಂಡು ಕಾರು ಕೆಳಗೆ ಕೂರುತ್ತದೆ. ನನ್ನ ಕಣ್ಣೆದುರೇ ಆಗಿದೆ.

ಹೊಳೆಸಾಲು · ಜೂನ್ 10

ತೀರ್ಥಹಳ್ಳಿ ಕಡೆಯವನು, ಅಡಿಕೆ ತೋಟಕ್ಕೆ ಹಳೆಯ ಜೀಪು ಇಟ್ಟುಕೊಂಡಿದ್ದೇನೆ. ನಮ್ಮಲ್ಲೂ ಮಳೆಗೆ ಕೊರತೆ ಇಲ್ಲ, ಆದರೆ ಜೀಪು ಇಷ್ಟು ಬೇಗ ತೂತಾಗಿಲ್ಲ. ಕೊಡಚಾದ್ರಿಯ ಮೇಲೆ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಕಬ್ಬಿಣದ ಕಂಬ ಇದೆಯಲ್ಲ, ಅಷ್ಟು ಮಳೆಗೆ ನಿಂತಿದ್ದರೂ ಅದು ಕರಗಿಲ್ಲ. ಹಾಗಾದರೆ ಮಳೆಯೊಂದೇ ಕಾರಣವೇ? ಇನ್ನೊಂದು ಪ್ರಶ್ನೆ: ಕರಾವಳಿಯಲ್ಲಿ ದೋಣಿಗೆ ಬಳಿಯುವ ಗೇರು ಸಿಪ್ಪೆಯ ಎಣ್ಣೆಯನ್ನು ಕಾರಿನ ಅಡಿಗೆ ಬಳಿಯಬಹುದೇ?

ಲೋಹವಿದ್ಯೆ · ಜೂನ್ 10

ಲೋಹಶಾಸ್ತ್ರದ ವಿದ್ಯಾರ್ಥಿ. ನನಗೆ ಬಹಳ ಹತ್ತಿರದ ವಿಷಯ ಇದು, ಸ್ವಲ್ಪ ಉದ್ದ ಬರೆಯುತ್ತೇನೆ.

ಕಂಬ ಗಟ್ಟಿ ಕಬ್ಬಿಣ. ಮೇಲ್ಮೈ ಒಂದಿಷ್ಟು ತಿಂದುಹೋದರೂ ಅದಕ್ಕೆ ಏನೂ ಆಗುವುದಿಲ್ಲ. ದೆಹಲಿಯ ಮೆಹ್ರೌಲಿ ಕಂಬದ ವಿಚಾರದಲ್ಲಿ ಇನ್ನೊಂದು ಕಾರಣವೂ ತಿಳಿದಿದೆ: ಹಳೆಯ ರೀತಿಯಲ್ಲಿ ತೆಗೆದ ಆ ಕಬ್ಬಿಣದಲ್ಲಿ ರಂಜಕ ಹೆಚ್ಚು, ಅದರಿಂದ ಮೇಲೆ ಒಂದು ಕಾಪಾಡುವ ಪದರ ಕಟ್ಟಿದೆ. ಕಾರಿನ ತಗಡು ಇರುವುದೇ ಒಂದು ಮಿಲಿಮೀಟರಿನ ಆಸುಪಾಸು. ಅದಕ್ಕೆ ಕಳೆದುಕೊಳ್ಳಲು ಏನೂ ಇಲ್ಲ.

ತುಕ್ಕಿಗೆ ಕಬ್ಬಿಣ, ನೀರು, ಆಮ್ಲಜನಕ ಮೂರೂ ಬೇಕು. ಉಪ್ಪು ಸೇರಿದರೆ ನೀರಿನಲ್ಲಿ ವಿದ್ಯುತ್ ಹರಿಯುವುದು ಸುಲಭವಾಗುತ್ತದೆ, ಉಪ್ಪಿನಲ್ಲಿರುವ ಕ್ಲೋರೈಡ್ ಹೋಗಿ ಕಬ್ಬಿಣದ ಮೇಲಿನ ಕಾಪಾಡುವ ಪದರವನ್ನು ಒಡೆದು ಸಣ್ಣ ಸಣ್ಣ ಕುಳಿ ಕೊರೆಯುತ್ತದೆ. ಉಪ್ಪು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಉಪ್ಪು ಕೂರದ ಶುಚಿಯಾದ ಉಕ್ಕು ವೇಗವಾಗಿ ತುಕ್ಕು ಹಿಡಿಯಲು ಗಾಳಿಯಲ್ಲಿ ಸುಮಾರು ಶೇ 60 ತೇವಾಂಶ ಬೇಕು. ಉಪ್ಪು ಕೂತಿದ್ದರೆ ಅದಕ್ಕಿಂತ ಕಡಿಮೆ ಸಾಕು. ಆದ್ದರಿಂದ ಒಣ ಊರಿಗೆ ಬಂದರೆ ನಿಲ್ಲುತ್ತದೆ ಎಂಬ ಮಾತು ತಪ್ಪು. ಕುಳಿಯೊಳಗಿನ ಉಪ್ಪು ಕಾರಿನ ಜೊತೆಯಲ್ಲೇ ಬೆಂಗಳೂರಿಗೆ ಬರುತ್ತದೆ.

ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗಿಂತ ಹೆಚ್ಚುತ್ತದೆ. ಬಣ್ಣ ಗುಳ್ಳೆ ಏಳುವುದು, ಬೆಸೆದ ಎರಡು ತಗಡುಗಳ ನಡುವಿನ ಸಂದು ಬಾಯಿ ಬಿಡುವುದು ಈ ಒತ್ತಡಕ್ಕೆ. ಹೊಸ ಕಪ್ಪು ಕೋಟಿಂಗ್ ಇಲ್ಲಿ ಉಪಕಾರಕ್ಕಿಂತ ಅಪಕಾರವನ್ನೇ ಮಾಡಿರುತ್ತದೆ. ತುಕ್ಕಿನ ಮೇಲೆ ಬಳಿದರೆ ಅದು ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ.

ಹೊಳೆಸಾಲು ಅವರೇ, ಗೇರು ಸಿಪ್ಪೆಯ ಎಣ್ಣೆ ಮರದ ದೋಣಿಗೆ ಸರಿ. ಮೈಗೆ ತಾಗಿದರೆ ಸುಟ್ಟು ಗುಳ್ಳೆ ಏಳುತ್ತದೆ. ಸೈಲೆನ್ಸರಿನ ಬಿಸಿ ಇರುವ ಜಾಗಕ್ಕೆ ಅದನ್ನು ನಾನು ಹೇಳಲಾರೆ.

ರಸಾಯನ_ಕುಂದಾಪುರ · ಜೂನ್ 12

ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಲೋಹವಿದ್ಯೆಯವರ ಬರಹ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಕಾರ್ಪೆಟ್ಟಿನಿಂದ ಹಿಂಡಿದ ನೀರನ್ನು ಸೋಸಿ ಪ್ರಯೋಗಾಲಯಕ್ಕೆ ಒಯ್ದೆ. ಒಂದು ನಳಿಕೆಯಲ್ಲಿ ಭಟ್ಟಿ ಇಳಿಸಿದ ನೀರು, ಒಂದರಲ್ಲಿ ನಮ್ಮ ಬಾವಿ ನೀರು, ಒಂದರಲ್ಲಿ ಇದು. ಮೂರಕ್ಕೂ ಸಾರರಿಕ್ತ ನೈಟ್ರಿಕ್ ಆಮ್ಲ ಎರಡು ಹನಿ, ಆಮೇಲೆ ಸಿಲ್ವರ್ ನೈಟ್ರೇಟ್. ಕ್ಲೋರೈಡ್ ಇದ್ದರೆ ಅದು ಬಿಳಿಯಾಗುತ್ತದೆ. ಮೊದಲನೆಯದು ತಿಳಿಯಾಗಿಯೇ ಉಳಿಯಿತು. ಬಾವಿ ನೀರು ಹಾಲು ಬಿದ್ದ ಹಾಗೆ ಚೂರು ಮಬ್ಬಾಯಿತು. ಕಾರಿನ ನೀರಿನಲ್ಲಿ ಮೊಸರು ಒಡೆದಂತೆ ಬಿಳಿ ಗಟ್ಟಿ ತಳಕ್ಕಿಳಿಯಿತು. ಇಷ್ಟು ಕ್ಲೋರೈಡ್ ಬರಿಯ ಮಳೆ ನೀರಿನಲ್ಲಿ ಇರುವುದು ಸಾಧ್ಯವೇ ಇಲ್ಲ.

ಸಂಜೆ ತಮ್ಮನ ಜೊತೆ ಹಿಂದಿನ ಸೀಟು ಬಿಚ್ಚಿದೆ. ಡಾಂಬರು ಹಾಳೆಯ ಉಳಿದ ತುಂಡನ್ನು ಎಬ್ಬಿಸಿದಾಗ ಅದರಡಿಯಲ್ಲಿ ಉಗುರಿನಷ್ಟಗಲದ, ಪಾರದರ್ಶಕವಾದ ಏನೋ ಅಂಟಿಕೊಂಡಿತ್ತು. ತೊಳೆದು ಬೆಳಕಿಗೆ ಹಿಡಿದೆ. ಮೀನಿನ ಹುರುಪೆ. ಹುಡುಕಿದಾಗ ಇನ್ನೂ ಎಂಟೋ ಹತ್ತೋ ಸಿಕ್ಕವು. ಮನೆಯವರ ಓಡಾಟಕ್ಕಷ್ಟೇ ಬಳಸಿದ ಗಾಡಿ ಎಂದು ನನಗೆ ಹೇಳಿದ್ದರು. ಫೋನ್ ಮಾಡಿ ಕೇಳಿದೆ. ನನ್ನ ಕೈಗೂ ಹೀಗೆಯೇ ಬಂದಿತ್ತು ಎಂದು ಇಟ್ಟುಬಿಟ್ಟರು.

ತಟ್ಟಿ ನೋಡಿದ್ದೇನೆ. ಮುಂದಿನ ಎರಡೂ ಕಡೆ ಗಟ್ಟಿ ಇದೆ. ಹಿಂದಿನ ಬಲಬದಿಯಲ್ಲಿ ತೂತು ಇಲ್ಲ, ಆದರೆ ಶಬ್ದ ಸತ್ತಿದೆ.

ಪಡುಕೆರೆ · ಜೂನ್ 12

ಅಕ್ಕ, ನಮ್ಮದು ಮೀನುಗಾರರ ಮನೆ. ಓದಿ ಬೇಸರವಾಯಿತು. ಮೀನನ್ನು ಸರಿಯಾಗಿ ಒಯ್ಯುವವರು ಶಾಖ ತಡೆಯುವ ಪೆಟ್ಟಿಗೆಯಲ್ಲಿ ಮಂಜುಗಡ್ಡೆ ತುಂಬಿ, ಮುಚ್ಚಳ ಬಿಗಿದು, ತೆರೆದ ಟೆಂಪೋದಲ್ಲಿ ಒಯ್ಯುತ್ತಾರೆ. ರಾತ್ರಿ ಗಾಡಿಯನ್ನು ಸಿಹಿನೀರಿನಿಂದ ತೊಳೆಯದೆ ಯಾರೂ ಮಲಗುವುದಿಲ್ಲ. ಕಾರಿನ ಹಿಂದಿನ ಸೀಟು ಮಡಚಿ ಮೀನಿನ ಬುಟ್ಟಿ ಇಟ್ಟರೆ ಕರಗಿದ ಉಪ್ಪುನೀರೆಲ್ಲ ಇಳಿಜಾರಿಗೆ ಹರಿದು ಕಾಲಡಿಯ ಗುಂಡಿಗೇ ಸೇರುತ್ತದೆ. ಕಾರ್ಪೆಟ್ ಅಡಿಗೆ ಹೋದ ಮೇಲೆ ಯಾರು ತೊಳೆಯುತ್ತಾರೆ?

ಮಂಗಳವಾರ ಮತ್ತು ಶುಕ್ರವಾರ ನನ್ನ ಕಾರು ಬೆಳಿಗ್ಗೆ ಖಾಲಿ ಇರುತ್ತದೆ. ಅಮ್ಮನನ್ನು ಕರೆದೊಯ್ಯಲು ಬೇಕಿದ್ದರೆ ಸಂಕೋಚ ಬಿಟ್ಟು ಸಂದೇಶ ಕಳಿಸಿ.

ಕವೆಂಟ್ರಿ_ಕನ್ನಡಿಗ · ಜೂನ್ 13

ನಾನಿರುವುದು ಇಂಗ್ಲೆಂಡಿನಲ್ಲಿ. ಇಲ್ಲಿ ಸಮುದ್ರ ದೂರವಿದ್ದರೂ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಕಾರುಗಳ ಅಡಿ ಅದರಿಂದಲೇ ಹಾಳಾಗುತ್ತದೆ. ಮೂರು ವರ್ಷ ದಾಟಿದ ಕಾರು ಪ್ರತಿವರ್ಷ ಎಂ.ಒ.ಟಿ. ಎಂಬ ತಪಾಸಣೆಗೆ ಹೋಗಬೇಕು. ತುಕ್ಕಿನ ಬಗ್ಗೆ ಅದರಲ್ಲಿ ಒಂದು ಅಳತೆ ಇದೆ. ಸಸ್ಪೆನ್ಷನ್, ಸ್ಟಿಯರಿಂಗ್, ಸೀಟ್ ಬೆಲ್ಟ್ ಮುಂತಾದವನ್ನು ಕಟ್ಟಿರುವ ಜಾಗದಿಂದ 30 ಸೆಂ.ಮೀ. ಒಳಗೆ ಭಾರ ಹೊರುವ ತಗಡು ತುಕ್ಕಿನಿಂದ ಬಲ ಕಳೆದುಕೊಂಡಿದ್ದರೆ ಕಾರು ಫೇಲ್. ಅಲ್ಲಿ ತೇಪೆ ಹಾಕಿದರೂ ಸುತ್ತ ಎಲ್ಲೂ ಬಿಡದಂತೆ ಬೆಸುಗೆ ಇರಬೇಕು. ರಿವೆಟ್ಟು, ಅಂಟು ನಡೆಯುವುದಿಲ್ಲ.

ಭಾರತದಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಅಲ್ಲಿಯವರೆಗೆ ಕಾರಿನ ಅಡಿಯನ್ನು ನೋಡಲೇಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ. ನಿಮ್ಮ ಕಾರು ತಪಾಸಣೆಗೆ ಹೋಗಬೇಕಾದದ್ದು 2027ರಲ್ಲಿ. ಇಷ್ಟು ದಿನ ನಮ್ಮ ಊರಿನವರು ಕಣ್ಣು ಮುಚ್ಚಿ ಕೂತಿದ್ದೇವಲ್ಲ ಎಂದು ಸಂಕಟವಾಗುತ್ತದೆ. ನಾವೇ ನೋಡಿಕೊಳ್ಳಬೇಕು. ಒಂದು ಅಳತೆಪಟ್ಟಿ ತೆಗೆದುಕೊಂಡು ತೂತಿನ ಅಂಚಿನಿಂದ ಬೆಲ್ಟ್ ಬೋಲ್ಟಿಗೆ, ಆಕ್ಸಲ್ ಬ್ರಾಕೆಟ್ಟಿಗೆ ಎಷ್ಟು ದೂರ ನೋಡಿ.

ರಸಾಯನ_ಕುಂದಾಪುರ · ಜೂನ್ 14

ಅಳೆದೆ. ಬೆಲ್ಟಿನ ಕೆಳಗಿನ ಬೋಲ್ಟಿಗೆ 14 ಸೆಂ.ಮೀ. ಆಕ್ಸಲ್ ಬೀಮಿನ ಬ್ರಾಕೆಟ್ಟಿಗೆ 19.

ಪಡುಕೆರೆಯವರೇ, ನಿಮ್ಮ ಕಾರಿನಲ್ಲಿ ಶುಕ್ರವಾರ ಹೋಗಿ ಬಂದೆವು. ಅಮ್ಮ ನಿಮ್ಮ ಮನೆಯವರನ್ನು ಕೇಳಿದ್ದೇನೆಂದು ಹೇಳಲು ಹೇಳಿದ್ದಾರೆ.

ತಗಡು_ಬೆಸುಗೆ · ಜೂನ್ 14

ಮೇಡಂ, ಎರಡೂ 30ರ ಒಳಗೆ ಬಂತು. ಹಾಗೆಂದು ಕಾರು ಸತ್ತಿತು ಎಂದಲ್ಲ. ಆ ಬ್ರಾಕೆಟ್ ಕೂತಿರುವುದು ಡಬ್ಬಿಯಂಥ ಒಂದು ಮಡಿಕೆಯ ಮೇಲೆ. ಆ ಡಬ್ಬಿ ಗಟ್ಟಿ ಇದ್ದರೆ ಕೆಲಸ ಇದೆ, ಇಲ್ಲದಿದ್ದರೆ ಇಲ್ಲ. ರ‍್ಯಾಂಪ್ ಇರುವ ಗ್ಯಾರೇಜಿಗೆ ಹೊತ್ತೊಯ್ಯುವ ಗಾಡಿಯಲ್ಲಿ ಹಾಕಿಸಿ ಕಳಿಸಿ, ಕಪ್ಪು ಕೋಟಿಂಗನ್ನು ಆ ಜಾಗದಲ್ಲಿ ಪೂರ್ತಿ ಕೆರೆಸಿ, ದಬ್ಬಳದಿಂದ ಚುಚ್ಚಿಸಿ ನೋಡಿ. ಕೆರೆಯದೆ ಬೆಲೆ ಹೇಳುವವರ ಕೈಗೆ ಕಾರು ಕೊಡಬೇಡಿ.

ಡಬ್ಬಿ ಗಟ್ಟಿ ಇದೆ ಎಂದಾದರೆ ಕೆಲಸ ಹೀಗೆ ನಡೆಯಬೇಕು. ಬರೆದಿಡುತ್ತೇನೆ, ಬೇರೆಯವರಿಗೂ ಬೇಕಾದೀತು. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು. ಪೆಟ್ರೋಲ್ ಟ್ಯಾಂಕ್ ಹಿಂದಿನ ಸೀಟಿನ ಅಡಿಯಲ್ಲೇ ಇರುವ ಕಾರುಗಳಲ್ಲಿ ಟ್ಯಾಂಕನ್ನೂ ಕೊಳವೆಗಳನ್ನೂ ಇಳಿಸದೆ ಆ ಜಾಗದಲ್ಲಿ ಗ್ರೈಂಡರ್ ಕೂಡ ಹಚ್ಚಬಾರದು. ಆಮೇಲೆ ಸಿಹಿನೀರಿನಿಂದ ಎರಡು ಮೂರು ಸಲ ತೊಳೆದು ಒಣಗಿಸಬೇಕು. ಉಪ್ಪು ಉಳಿದರೆ ಮುಂದಿನದೆಲ್ಲ ವ್ಯರ್ಥ. ತಗಡನ್ನು ಬೆಳ್ಳಿಯಂತೆ ಹೊಳೆಯುವ ಜಾಗ ಸಿಗುವವರೆಗೆ ಕತ್ತರಿಸಬೇಕು. ಅಂಗೈಯಷ್ಟಿದ್ದ ತೂತು ಮೊರದಷ್ಟಾಗುತ್ತದೆ, ಅದಕ್ಕೆ ಹೆದರಬಾರದು. ನೆಲಕ್ಕೆ ನಾನು 18 ಗೇಜಿನ ತಗಡು ಹಾಕುತ್ತೇನೆ, ಎಂದರೆ 1.2 ಮಿ.ಮೀ. ಜಿ.ಐ. ಶೀಟ್, ಎಂದರೆ ಸತು ಲೇಪಿಸಿದ ತಗಡು ಹಾಕುವುದಾದರೆ ಅಂಚಿನ ಸತುವನ್ನು ಉಜ್ಜಿ ತೆಗೆಯಬೇಕು. ಆ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ನಾನು ಹುಡುಗನಾಗಿದ್ದಾಗ ಒಂದು ವಾರ ಮಲಗಿದ್ದೆ.

ಬೆಸುಗೆ ಸಿಒಟು (ಇಂಗಾಲದ ಡೈಆಕ್ಸೈಡ್ ಅನಿಲದ) ಯಂತ್ರದಲ್ಲಿ. ಕಡ್ಡಿ ವೆಲ್ಡಿಂಗ್ ತೆಳು ತಗಡನ್ನು ಸುಟ್ಟು ಹೊಸ ತೂತು ಮಾಡುತ್ತದೆ. ಇಲ್ಲೊಂದಿಷ್ಟು, ಅಲ್ಲೊಂದಿಷ್ಟು ಹಾಕುತ್ತಾ ಬಂದು ಕೊನೆಗೆ ಎಲ್ಲ ಕೂಡಿಸಬೇಕು. ಒಂದೇ ಉಸಿರಿಗೆ ಎಳೆದರೆ ಶಾಖಕ್ಕೆ ತಗಡು ಸೊಟ್ಟಗಾಗುತ್ತದೆ. ನಂತರ ಸತುವಿನ ಪ್ರೈಮರ್, ಸಂದುಗಳಿಗೆ ಸೀಲರ್, ಬಣ್ಣ, ಎಲ್ಲಕ್ಕಿಂತ ಕೊನೆಗೆ ಕಪ್ಪು ಕೋಟಿಂಗ್. ಬೆಸುಗೆಯ ಒಳಮೈಯೇ ಮೊದಲು ತುಕ್ಕು ಹಿಡಿಯುವುದರಿಂದ ರನ್ನಿಂಗ್ ಬೋರ್ಡಿನೊಳಗೆ ಮೇಣದಂಥ ದ್ರವವನ್ನು ಸಿಂಪಡಿಸಬೇಕು. ನೀರು ಹೋಗುವ ತೂತುಗಳನ್ನು ಕೋಟಿಂಗಿನಿಂದ ಮುಚ್ಚಿದರೆ ಎರಡು ಮಳೆಗಾಲಕ್ಕೆ ಮತ್ತೆ ಇದೇ ಕಥೆ.

ಲೋಹವಿದ್ಯೆ · ಜೂನ್ 15

ಒಂದು ಮಾತು ಸೇರಿಸುತ್ತೇನೆ. ತುಕ್ಕನ್ನು ಕಪ್ಪಾಗಿಸುವ ದ್ರಾವಣಗಳು ಅಂಗಡಿಯಲ್ಲಿ ಸಿಗುತ್ತವೆ. ಕೆಲವದರಲ್ಲಿ ಫಾಸ್ಫಾರಿಕ್ ಆಮ್ಲ, ಕೆಲವದರಲ್ಲಿ ಟ್ಯಾನಿಕ್ ಆಮ್ಲ. ಮೇಲ್ಮೈಯ ತೆಳು ತುಕ್ಕಿಗೆ ಅವು ಒಳ್ಳೆಯವೇ. ಆದರೆ ಹೋದ ತಗಡನ್ನು ಅವು ತಂದುಕೊಡುವುದಿಲ್ಲ, ಕ್ಲೋರೈಡನ್ನು ತೆಗೆಯುವುದೂ ಇಲ್ಲ.

ಬೆಂಗಳೂರು_ಚಾಲಕ · ಜೂನ್ 15

ಮೊದಲ ದಿನ ನಾನು ಬರೆದದ್ದು ತಪ್ಪು. ಹಣದ ಲೆಕ್ಕ ಮಾತ್ರ ಹಾಕಿದ್ದೆ. ಕ್ಷಮೆ ಇರಲಿ. ಈ ಚರ್ಚೆ ಓದಿ ನನ್ನ ಕಾರಿನ ಸ್ಟೆಪ್ನಿ ತೆಗೆದು ಅದರಡಿಯ ಗುಂಡಿ ನೋಡಿದೆ, ಎರಡು ಲೋಟ ನೀರು ನಿಂತಿತ್ತು. ಹಿಂಬಾಗಿಲ ಬೀಡಿಂಗ್ ಹರಿದಿದೆ. ಇವತ್ತೇ ಬದಲಿಸುತ್ತೇನೆ.

ರಸಾಯನ_ಕುಂದಾಪುರ · ಜೂನ್ 21

ಕಾರು ರ‍್ಯಾಂಪ್ ಏರಿತು. ನಾನು ರಜೆ ಹಾಕಿ ಜೊತೆಗೇ ನಿಂತಿದ್ದೆ. ಇಲ್ಲಿಯ ಟಿಂಕರ್ ವಯಸ್ಸಾದವರು, ಮಾತು ಕಡಿಮೆ. ಎಡಬದಿಯ ಡಬ್ಬಿಯ ಮೇಲಿನ ಕಪ್ಪನ್ನು ಕೆರೆದರು. ಅಡಿಯಲ್ಲಿ ತುಕ್ಕಿತ್ತು, ಆದರೆ ದಬ್ಬಳ ಒಳಗೆ ಹೋಗಲಿಲ್ಲ. ನಾನು ಉಸಿರು ಬಿಟ್ಟೆ. ನೆಲ ಮತ್ತು ರನ್ನಿಂಗ್ ಬೋರ್ಡಿಗೆ 22,000 ಆಗಬಹುದು ಎಂದರು. ಒಪ್ಪಿಕೊಳ್ಳುವ ಮನಸ್ಸಾಗಿತ್ತು.

ಆಮೇಲೆ ಬಲಬದಿ. ಮೇಲಿನಿಂದ ತೂತೇ ಇಲ್ಲದ ಕಡೆ ಅದು. ಅಲ್ಲಿ ಕೋಟಿಂಗ್ ಬೇರೆಡೆಗಿಂತ ದಪ್ಪಗಿತ್ತು. ಕೆರೆದಾಗ ಬೂದು ಬಣ್ಣದ ಪುಟ್ಟಿ ಬಂತು, ಪುಟ್ಟಿಯ ಹಿಂದೆ ನಾರಿನ ಬಟ್ಟೆ, ಬಟ್ಟೆಯ ಹಿಂದೆ ಏನೂ ಇರಲಿಲ್ಲ. ಅವರು ದಬ್ಬಳ ಹಿಡಿದ ಕೈಯನ್ನು ಬ್ರಾಕೆಟ್ಟಿನ ಪಕ್ಕಕ್ಕೆ ಒತ್ತಿದರು, ಹಿಡಿಯವರೆಗೂ ಇಳಿಯಿತು. ಬೀಮನ್ನು ಕೈಯಿಂದ ಅಲ್ಲಾಡಿಸಿದಾಗ ಬ್ರಾಕೆಟ್ ಸಮೇತ ಸರಿದು, ತುಕ್ಕಿನ ಪುಡಿ ನನ್ನ ಚಪ್ಪಲಿಯ ಮೇಲೆ ಉದುರಿತು.

ಟಿಂಕರ್ ದಬ್ಬಳವನ್ನು ಒರೆಸಿ ಜೇಬಿಗಿಟ್ಟುಕೊಂಡರು. "ಇದಕ್ಕೆ ನಾನು ಕೈ ಹಾಕುವುದಿಲ್ಲ ಅಮ್ಮಾ," ಎಂದರು. ನೋಡಿದ್ದಕ್ಕೆ ಹಣವನ್ನೂ ತೆಗೆದುಕೊಳ್ಳಲಿಲ್ಲ.

ತಗಡು_ಬೆಸುಗೆ · ಜೂನ್ 21

ಸರಿಯಾಗಿ ಹೇಳಿದ್ದಾರೆ. ನಾನಾಗಿದ್ದರೂ ಕೈ ಹಾಕುತ್ತಿರಲಿಲ್ಲ. ಆ ಡಬ್ಬಿಯನ್ನು ಹೊಸದಾಗಿ ಕಟ್ಟಲು ಅಳತೆಯ ಜಿಗ್, ಎಂದರೆ ಭಾಗಗಳನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಚೌಕಟ್ಟು ಬೇಕು. ಅರ್ಧ ಇಂಚು ಆಚೀಚೆ ಆದರೆ ಹಿಂದಿನ ಚಕ್ರಗಳು ಒಂದು ದಾರಿ, ಮುಂದಿನವು ಒಂದು ದಾರಿ. ನಾರು ಮತ್ತು ಪುಟ್ಟಿಯಿಂದ ಅದನ್ನು ಮುಚ್ಚಿದವರ ಕೈಯ ಬಗ್ಗೆ ನನಗೆ ಬಹಳ ಸಿಟ್ಟಿದೆ. ನಮ್ಮ ಕಸುಬಿಗೆ ಅದು ಅವಮಾನ.

ಕವೆಂಟ್ರಿ_ಕನ್ನಡಿಗ · ಜೂನ್ 22

ಗುಜರಿಗೆ ಕೊಡುವುದಾದರೆ ಕಾಗದಪತ್ರ ಜೋಪಾನ. ನನ್ನ ಅಣ್ಣ ಆರ್.ಸಿ. ರದ್ದು ಮಾಡಿಸದೆ ಬೀದಿಬದಿಯ ಗುಜರಿಗೆ ಕೊಟ್ಟು, ಎರಡು ವರ್ಷದ ಮೇಲೆ ಅದೇ ನಂಬರಿನ ಹೆಸರಿನಲ್ಲಿ ನೋಟಿಸು ಪಡೆದಿದ್ದ. 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನ ಪ್ರಕಾರ, ಬಳಕೆಗೆ ಶಾಶ್ವತವಾಗಿ ಬಾರದ ವಾಹನದ ಬಗ್ಗೆ ಮಾಲೀಕರು 14 ದಿನದೊಳಗೆ ಅಥವಾ ಆದಷ್ಟು ಬೇಗ ನೋಂದಣಿ ಕಚೇರಿಗೆ ತಿಳಿಸಿ ಆರ್.ಸಿ. ಒಪ್ಪಿಸಬೇಕು. ಸರ್ಕಾರದಲ್ಲಿ ನೋಂದಾಯಿಸಿಕೊಂಡ ಗುಜರಿ ಕೇಂದ್ರಕ್ಕೆ ಕೊಟ್ಟರೆ ವಾಹನ ಒಪ್ಪಿಸಿದ್ದಕ್ಕೆ ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ಬಿಡಬೇಡಿ.

ರಸಾಯನ_ಕುಂದಾಪುರ · ಜುಲೈ 11

ನೋಂದಾಯಿತ ಕೇಂದ್ರಕ್ಕೇ ಕೊಟ್ಟೆ. ಪ್ರಮಾಣಪತ್ರ ಕೈಗೆ ಬಂದಿದೆ. ತೂಕಕ್ಕೆ ಸಿಕ್ಕಿದ್ದು 19,000. ಇಬ್ಬರು ದಲ್ಲಾಳಿಗಳು 80,000ಕ್ಕೆ ಹಾಗೆಯೇ ಕೊಡಿ, ನಾವು ಮಾಡಿಕೊಳ್ಳುತ್ತೇವೆ ಎಂದು ಬಂದಿದ್ದರು. ಹಣದ ಅಗತ್ಯ ಇರಲಿಲ್ಲ ಎಂದು ಹೇಳಲಾರೆ. ಆ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಬ್ರಾಕೆಟ್ ಸರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ಕಳೆದ ಭಾನುವಾರ ಶಿವಮೊಗ್ಗಕ್ಕೆ ಹೋಗಿ ಇನ್ನೊಂದು ಕಾರು ನೋಡಿ ಬಂದೆ. ತಗಡು_ಬೆಸುಗೆ ಅಣ್ಣ ಸ್ವತಃ ಬಂದಿದ್ದರು. ಕಾರ್ಪೆಟ್ ಎತ್ತಿಸಿ, ಸ್ಟೆಪ್ನಿ ಗುಂಡಿ ನೋಡಿ, ರನ್ನಿಂಗ್ ಬೋರ್ಡಿಗೆ ಅಯಸ್ಕಾಂತ ಹಚ್ಚಿ ಒಂದೂವರೆ ಗಂಟೆ ತೆಗೆದುಕೊಂಡರು. ಒಂದು ಕಡೆ ಅಯಸ್ಕಾಂತ ಹಿಡಿಯಲಿಲ್ಲ, ಅಲ್ಲಿ ಪುಟ್ಟಿ ಇತ್ತು. ಬಾಗಿಲಿಗೆ ಹಳೆಯ ಪೆಟ್ಟಾದ ಜಾಗ, ತೊಂದರೆ ಇಲ್ಲ ಎಂದರು. ಅಡಿಯಲ್ಲಿ ಕೋಟಿಂಗ್ ಇರಲಿಲ್ಲ, ಕಂಪನಿಯ ಬಣ್ಣವೇ ಮಣ್ಣಿನೊಡನೆ ಕಾಣುತ್ತಿತ್ತು. ಅದನ್ನೇ ಅವರು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದರು. ಮುಂಗಡ ಕೊಟ್ಟು ಬಂದಿದ್ದೇನೆ.

ಉಪ್ಪಿನಂಗಡಿ_ದಾರಿ · ಜುಲೈ 12

ಪೂರ್ತಿ ಓದಿದೆ. ನನ್ನ 2014ರ ಕಾರಿನಲ್ಲಿ ಮುಂದಿನ ಎಡಬದಿಯ ಕಾರ್ಪೆಟ್ ಸದಾ ಒದ್ದೆ. ಡಾಂಬರು ಹಾಳೆ ಎತ್ತಿದಾಗ ಕೆಂಪು ಪುಡಿ ಬಂತು, ತೂತು ಇಲ್ಲ. ಸಮುದ್ರಕ್ಕೂ ನನಗೂ ಸಂಬಂಧವಿಲ್ಲ. ಎಲ್ಲಿಂದ ಶುರು ಮಾಡಲಿ?

ತಗಡು_ಬೆಸುಗೆ · ಜುಲೈ 12

ಎ.ಸಿ. ಹಾಕಿ ಕಾಲು ಗಂಟೆ ನಿಲ್ಲಿಸಿ, ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತದೆಯೇ ನೋಡಿ. ತೊಟ್ಟಿಕ್ಕದಿದ್ದರೆ ಅದರ ನೀರಿನ ಕೊಳವೆ ಕಟ್ಟಿಕೊಂಡು ಒಳಗೆ ಸುರಿಯುತ್ತಿದೆ. ತೊಟ್ಟಿಕ್ಕಿದರೆ ವೈಪರಿನ ಅಡಿಯ ಜಾಲರಿ ತೆಗೆದು ಕೊಳೆತ ಎಲೆ ಇದೆಯೇ ನೋಡಿ, ಬಾಗಿಲೊಳಗಿನ ಪ್ಲಾಸ್ಟಿಕ್ ಹಾಳೆ ಹರಿದಿದೆಯೇ ನೋಡಿ. ನೀರು ನಿಲ್ಲಿಸಿದ ಮೇಲೆಯೇ ತುಕ್ಕಿನ ಕೆಲಸ. ಚಿತ್ರ ಹಾಕಿ.